ಮನಾಸ್ಲು ಚಾರಣದ ಕಾಗದಪತ್ರ: ನಾಲ್ವರಲ್ಲಿ ಇಬ್ಬರಿಗೆ ಪಾಸ್‌ಪೋರ್ಟ್ ಇಲ್ಲ, ನನ್ನದರಲ್ಲಿ ಹೆಸರಿನ ತೊಡಕು

ತುಂಗಾತೀರ · 2024 ಆಗಸ್ಟ್ 3, ರಾತ್ರಿ 8:10

ಎಲ್ಲರಿಗೂ ನಮಸ್ಕಾರ. ಕೊಡಚಾದ್ರಿ, ಕುಮಾರಪರ್ವತಗಳಲ್ಲಿ ಕಾಲು ಪಳಗಿಸಿಕೊಂಡು ಎರಡು ವರ್ಷದ ಹಿಂದೆ ಹಿಮಾಚಲದ ಹಂಪ್ಟಾ ಕಣಿವೆ ದಾಟಿದ ಕುಟುಂಬ ನಮ್ಮದು. ಈ ದಸರಾ ರಜೆಯಲ್ಲಿ ನೇಪಾಳದ ಮನಾಸ್ಲು ಪರ್ವತದ ಸುತ್ತು ನಡೆಯಬೇಕೆಂದು ತೀರ್ಮಾನಿಸಿದ್ದೇವೆ. ನಾನು, ಯಜಮಾನರು, ಹದಿನಾರು ವರ್ಷದ ಮಗ ಮತ್ತು ನನ್ನ ತಮ್ಮ. ದೇಹ ಸಿದ್ಧವಾಗುತ್ತಿದೆ, ದಿನವೂ ಬೆಳಿಗ್ಗೆ ಎಂಟು ಕಿಲೋಮೀಟರ್ ನಡೆಯುತ್ತಿದ್ದೇವೆ. ಕಾಗದಪತ್ರದ ವಿಷಯಕ್ಕೆ ಬಂದರೆ ಮಾತ್ರ ತಲೆ ಕೆಟ್ಟುಹೋಗಿದೆ.

ಯಜಮಾನರ ಪಾಸ್‌ಪೋರ್ಟ್ ಸರಿಯಾಗಿದೆ. ನನ್ನದರಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ, ಊರಿನ ಹೆಸರು, ತಂದೆಯ ಹೆಸರು, ನನ್ನ ಹೆಸರು ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿದ್ದಾರೆ. ಸರ್‌ನೇಮ್ ಜಾಗ ಖಾಲಿ. ಆಧಾರ್ ಮತ್ತು ಮತದಾರರ ಚೀಟಿಯಲ್ಲಿ ಬರೀ ಇನಿಷಿಯಲ್. ತಮ್ಮನ ಹತ್ತಿರ ಮತದಾರರ ಗುರುತಿನ ಚೀಟಿ ಮಾತ್ರ ಇದೆ. ಮಗನ ಹತ್ತಿರ ಆಧಾರ್ ಮತ್ತು ಕಾಲೇಜಿನ ಗುರುತಿನ ಚೀಟಿ.

ಅಕ್ಟೋಬರ್ 9ರ ಸಂಜೆ ಕಠ್ಮಂಡು ತಲುಪಿ, 10ರಂದು ಪರವಾನಗಿ ಮಾಡಿಸಿಕೊಂಡು, 11ರ ಬೆಳಿಗ್ಗೆ ಹೊರಡುವುದು ನಮ್ಮ ಲೆಕ್ಕ. ಭಾರತೀಯರಿಗೆ ವೀಸಾ ಬೇಡ ಎಂದು ಗೊತ್ತು. ಉಳಿದಂತೆ ಏನೇನು ಬೇಕು? ಹೋಗಿ ಬಂದವರು ದಯವಿಟ್ಟು ಹೇಳಿ.

ಹಿತ್ತಲಗುಡ್ಡ · ಆಗಸ್ಟ್ 3, ರಾತ್ರಿ 8:25

ಆಧಾರ್ ಸಾಕು. ನಮ್ಮ ಊರಿನವರು ಕಳೆದ ವರ್ಷ ಪಶುಪತಿನಾಥನಿಗೆ ಆಧಾರ್ ಹಿಡಿದುಕೊಂಡೇ ಹೋಗಿ ಬಂದರು.

ಗಂಡಕಿದಾರಿ · ಆಗಸ್ಟ್ 3, ರಾತ್ರಿ 8:52

ಆಧಾರ್ ಸಾಕಾಗುವುದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮೇಡಂ, ಮೊದಲು ತಾರೀಖು ಬದಲಾಯಿಸಿ. ಅಕ್ಟೋಬರ್ 10 ನೇಪಾಳದಲ್ಲಿ ಫೂಲಪಾತಿ, ದಶೈಂ ಹಬ್ಬದ ಏಳನೆಯ ದಿನ. ನಮಗೆ ದಸರಾ ಹೇಗೋ ಅವರಿಗೆ ದಶೈಂ ಹಾಗೆ, ಬಹುಶಃ ಇನ್ನೂ ದೊಡ್ಡದು. ಫೂಲಪಾತಿಯಿಂದ ಸರ್ಕಾರಿ ಕಚೇರಿಗಳು ಬಾಗಿಲು ಹಾಕಿದರೆ ವಿಜಯದಶಮಿ ಕಳೆದು ಕೆಲವು ದಿನ ತೆರೆಯುವುದಿಲ್ಲ. ಮಾರ್ಗದರ್ಶಕರು, ಹೊರೆಯಾಳುಗಳು, ಜೀಪು ಓಡಿಸುವವರು ಎಲ್ಲರೂ ಹಿರಿಯರಿಂದ ಟೀಕಾ ಹಚ್ಚಿಸಿಕೊಳ್ಳಲು ಊರಿಗೆ ಹೊರಟಿರುತ್ತಾರೆ. ದಸರಾ ರಜೆ ಸಿಕ್ಕಿತೆಂದು ಕರ್ನಾಟಕದಿಂದ ಹೊರಡುವವರು ಪ್ರತಿ ವರ್ಷ ಇದೇ ಗುಂಡಿಗೆ ಬೀಳುತ್ತಾರೆ. 2022ರಲ್ಲಿ ನಾನೂ ಬಿದ್ದೆ. ಮೂರು ದಿನ ಕಠ್ಮಂಡುವಿನ ಥಮೇಲ್ ಬಡಾವಣೆಯ ಕೋಣೆಯಲ್ಲಿ ಕುಳಿತು ಕಾದೆ. ಆ ಮೂರು ದಿನಗಳ ನೋವು ಇನ್ನೂ ಹೋಗಿಲ್ಲ.

ಅಕ್ಟೋಬರ್ 3 ಗುರುವಾರ ಘಟಸ್ಥಾಪನೆ, ಅಂದೂ ರಜೆ. 4 ಶುಕ್ರವಾರ ಕಚೇರಿ ಇರುತ್ತದೆ, ಮಧ್ಯಾಹ್ನಕ್ಕೇ ಮುಗಿಯುತ್ತದೆ. 5 ಶನಿವಾರ ವಾರದ ರಜೆ, ಅಲ್ಲಿ ಭಾನುವಾರ ಕೆಲಸದ ದಿನ. ಆದ್ದರಿಂದ 3ರ ಸಂಜೆಯೊಳಗೆ ಕಠ್ಮಂಡುವಿನಲ್ಲಿ ಇರಿ, 4ರಂದು ಪರವಾನಗಿ, 5ಕ್ಕೆ ಹೊರಡಿ.

ತುಂಗಾತೀರ · ಆಗಸ್ಟ್ 3, ರಾತ್ರಿ 9:05

ಇದು ನಮಗೆ ಹೊಳೆದೇ ಇರಲಿಲ್ಲ. ಟಿಕೆಟ್ ಇನ್ನೂ ತೆಗೆದಿಲ್ಲ, ಪುಣ್ಯ. ಪರವಾನಗಿಗಳು ಎಷ್ಟು, ಯಾವುವು ಎಂದು ಬಿಡಿಸಿ ಹೇಳುತ್ತೀರಾ?

ಗಂಡಕಿದಾರಿ · ಆಗಸ್ಟ್ 3, ರಾತ್ರಿ 9:48

ಮನಾಸ್ಲು ಸುತ್ತಿಗೆ ಮುಖ್ಯವಾಗಿ ಮೂರು ಕಾಗದ. ನಿರ್ಬಂಧಿತ ಪ್ರದೇಶದ ಪರವಾನಗಿ ದೊಡ್ಡದು. ಅದನ್ನು ಕಠ್ಮಂಡುವಿನ ವಲಸೆ ಇಲಾಖೆ ಕೊಡುತ್ತದೆ. ನೀವೇ ಕೌಂಟರ್‌ಗೆ ಹೋಗಿ ಕೇಳಿದರೆ ಕೊಡುವುದಿಲ್ಲ, ನೋಂದಾಯಿತ ಚಾರಣ ಏಜೆನ್ಸಿಯ ಮೂಲಕವೇ ಅರ್ಜಿ ಹೋಗಬೇಕು. ಕನಿಷ್ಠ ಇಬ್ಬರು ಚಾರಣಿಗರು ಮತ್ತು ಪರವಾನಗಿ ಪಡೆದ ಮಾರ್ಗದರ್ಶಕ ಇರಬೇಕು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮೊದಲ ಏಳು ದಿನಕ್ಕೆ ತಲಾ 100 ಡಾಲರ್, ಆಮೇಲೆ ದಿನಕ್ಕೆ 15. ಡಿಸೆಂಬರ್‌ನಿಂದ ಆಗಸ್ಟ್‌ವರೆಗೆ 75 ಡಾಲರ್, ಮೇಲಿನ ದಿನಕ್ಕೆ 10. ಇದರಲ್ಲಿ ಭಾರತೀಯರಿಗೆ ರಿಯಾಯಿತಿ ಇಲ್ಲ.

ಇನ್ನೆರಡು ಸಂರಕ್ಷಣಾ ಪ್ರದೇಶದ ಪ್ರವೇಶಪತ್ರಗಳು. ಒಂದು ಮನಾಸ್ಲುವಿನದು. ಲಾರ್ಕ್ಯಾ ಕಣಿವೆ (ಈ ಸುತ್ತಿನ ಅತಿ ಎತ್ತರದ ಬೆಟ್ಟದ ಹಾದಿ) ದಾಟಿ ಇಳಿದಾಗ ಧಾರಾಪಾನಿಯಲ್ಲಿ ಅನ್ನಪೂರ್ಣದ ಪ್ರದೇಶಕ್ಕೆ ಕಾಲಿಡುತ್ತೀರಿ, ಅದಕ್ಕೆ ಅನ್ನಪೂರ್ಣದ್ದು ಎರಡನೆಯದು. ಇವೆರಡರಲ್ಲಿ ಸಾರ್ಕ್ ಎಂಬ ದಕ್ಷಿಣ ಏಷ್ಯಾ ಒಕ್ಕೂಟದ ದೇಶದವರಿಗೆ ರಿಯಾಯಿತಿ ಇದೆ. ಬೇರೆ ವಿದೇಶಿಯರಿಗೆ ತಲಾ 3,000 ನೇಪಾಳಿ ರೂಪಾಯಿ, ನಮಗೆ 1,000. ನಮ್ಮ ಒಂದು ರೂಪಾಯಿಗೆ ಅವರದು 1.60 ಆದ್ದರಿಂದ ಒಂದೊಂದಕ್ಕೆ ₹625.

ಬಾಡದಬೆಟ್ಟ · ಆಗಸ್ಟ್ 3, ರಾತ್ರಿ 10:15

ಈ ಸಾರ್ಕ್ ದರದ ಮಾತನ್ನು ಬರೆದಿಟ್ಟುಕೊಳ್ಳಿ. ನಮ್ಮ ಆರು ಜನರ ತಂಡಕ್ಕೆ ಒಂದು ಏಜೆನ್ಸಿ ತಲಾ 3,000ದ ಲೆಕ್ಕ ಹಾಕಿ ಹಣ ಪಡೆದಿತ್ತು. ಪ್ರವೇಶಪತ್ರ ಕೈಗೆ ಬಂದಾಗ ಅದರ ಮೇಲೆ 1,000 ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಕೇಳಿದರೆ ಸೇವಾ ಶುಲ್ಕ ಎಂದರು. ಸೇವಾ ಶುಲ್ಕ ತೆಗೆದುಕೊಳ್ಳಲಿ, ಅದನ್ನು ಬೇರೆ ಸಾಲಿನಲ್ಲಿ ಬರೆಯಲಿ. ಬೆಲೆಪಟ್ಟಿ ಕೇಳುವಾಗಲೇ ಪ್ರತಿಯೊಂದು ಪರವಾನಗಿಯ ಮೊತ್ತವನ್ನೂ ಪ್ರತ್ಯೇಕವಾಗಿ ಬರೆದು ಕೊಡಿ ಎನ್ನಿ. ಆಗುವುದಿಲ್ಲ ಎಂದವರನ್ನು ಬಿಟ್ಟು ಮುಂದಕ್ಕೆ ಹೋಗಿ.

ಹಿತ್ತಲಗುಡ್ಡ · ಆಗಸ್ಟ್ 4, ಬೆಳಿಗ್ಗೆ 6:30

ಆಧಾರ್ ಸಾಕಾಗುವುದಿಲ್ಲ ಎಂದು ಹೇಳಿ ಕಾರಣ ಹೇಳಲಿಲ್ಲ. ನಮ್ಮವರು ಸುನೌಲಿ ಗಡಿಯಲ್ಲಿ ಬಸ್ಸಿನಿಂದ ಇಳಿಯಲೂ ಇಲ್ಲ.

ಟಪಾಲುಚೀಲ · ಆಗಸ್ಟ್ 4, ಬೆಳಿಗ್ಗೆ 7:10

ಹಿತ್ತಲಗುಡ್ಡ ಅವರೇ, ಭೂಮಾರ್ಗದಲ್ಲಿ ಯಾರೂ ತಡೆಯಲಿಲ್ಲ ಎಂಬುದು ನಿಯಮವಾಗುವುದಿಲ್ಲ. ವಿಮಾನದಲ್ಲಿ ನೇಪಾಳಕ್ಕೆ ಹೋಗುವ ಭಾರತೀಯರಿಗೆ ಪಾಸ್‌ಪೋರ್ಟ್ ಬೇಕು, ಇಲ್ಲವೇ ಚುನಾವಣಾ ಆಯೋಗದ ಭಾವಚಿತ್ರವಿರುವ ಮತದಾರರ ಚೀಟಿ ಬೇಕು. 15 ವರ್ಷಕ್ಕಿಂತ ಚಿಕ್ಕವರು ಮತ್ತು 65 ದಾಟಿದವರಿಗೆ ಮಾತ್ರ ಆಧಾರ್, ಪಾನ್, ಪಡಿತರ ಚೀಟಿಯಂಥವು ನಡೆಯುತ್ತವೆ. ಆಧಾರ್ ಆ ಪಟ್ಟಿಗೆ ಸೇರಿದ್ದೂ 2019ರಲ್ಲಿ. ನಿಮ್ಮ ಊರಿನ ಯಾತ್ರಿಕರಲ್ಲಿ ಹಿರಿಯರೇ ಹೆಚ್ಚಿದ್ದಿರಬಹುದು.

ಮೇಡಂ, ನಿಮ್ಮ ಮಗ 15 ಮತ್ತು 18ರ ನಡುವೆ ಬರುತ್ತಾನೆ. ಆ ವಯಸ್ಸಿನವರಿಗೆ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪ್ರಮಾಣಪತ್ರ ನಡೆಯುತ್ತದೆ. ಕಾಲೇಜಿನ ಸಾಮಾನ್ಯ ಗುರುತಿನ ಚೀಟಿ ನಡೆಯುವುದಿಲ್ಲ. ಇಷ್ಟೆಲ್ಲ ಹೇಳಿದ ಮೇಲೂ ನನ್ನ ಸಲಹೆ ಒಂದೇ: ಮಗನಿಗೂ ತಮ್ಮನಿಗೂ ಪಾಸ್‌ಪೋರ್ಟ್ ಮಾಡಿಸಿ. ವಿಮಾನ ಹತ್ತುವುದಕ್ಕೆ ಮತದಾರರ ಚೀಟಿ ಸಾಕು, ನಿರ್ಬಂಧಿತ ಪ್ರದೇಶದ ಅರ್ಜಿಗೆ ಏಜೆನ್ಸಿಯವರು ಮೊದಲು ಕೇಳುವುದು ಪಾಸ್‌ಪೋರ್ಟ್. ಅದಿಲ್ಲದೆ ಗುದ್ದಾಡುವಷ್ಟು ದಿನ ನಿಮ್ಮ ಕೈಯಲ್ಲಿ ಇಲ್ಲ.

ತುಂಗಾತೀರ · ಆಗಸ್ಟ್ 4, ಬೆಳಿಗ್ಗೆ 7:45

ಎರಡು ತಿಂಗಳಲ್ಲಿ ಪಾಸ್‌ಪೋರ್ಟ್ ಆಗುತ್ತದೆಯೇ?

ಟಪಾಲುಚೀಲ · ಆಗಸ್ಟ್ 4, ಬೆಳಿಗ್ಗೆ 8:20

ಕಾಗದ ಸರಿಯಿದ್ದರೆ ಆಗುತ್ತದೆ. ತಮ್ಮನಿಗೆ 36 ಪುಟದ ಸಾಮಾನ್ಯ ಅರ್ಜಿಗೆ ₹1,500. ತತ್ಕಾಲ್ ಆದರೆ ಇನ್ನೂ ₹2,000 ಸೇರಿಸಬೇಕು. ಪೊಲೀಸ್ ಪರಿಶೀಲನೆಗೆ ಮನೆಗೆ ಬಂದಾಗ ನಿಮ್ಮ ತಮ್ಮ ಊರಲ್ಲಿ ಇರಲಿ, ವಿಳಂಬವಾಗುವುದು ಅಲ್ಲೇ. ಮಗನಿಗೆ ತಂದೆ ತಾಯಿ ಇಬ್ಬರ ಸಹಿ ಇರುವ ಅನುಬಂಧ ಡಿ ಎಂಬ ಘೋಷಣಾಪತ್ರ ಬೇಕು. ಹದಿನೆಂಟರೊಳಗಿನವರ ಪಾಸ್‌ಪೋರ್ಟ್ ಐದು ವರ್ಷಕ್ಕೆ ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಹದಿನೈದು ದಾಟಿದವರು ಬೇಕಿದ್ದರೆ ₹1,500 ಕಟ್ಟಿ ಹತ್ತು ವರ್ಷದ್ದನ್ನೇ ಪಡೆಯಬಹುದು. ಹಾಗೇ ಮಾಡಿ, ಎರಡು ವರ್ಷಕ್ಕೆ ಮತ್ತೆ ಓಡಾಡುವುದು ತಪ್ಪುತ್ತದೆ.

ಒಂದು ಮುಖ್ಯ ಮಾತು. ಮಗನ ಅರ್ಜಿಯಲ್ಲಿ ಸರ್‌ನೇಮ್ ಜಾಗವನ್ನು ಖಾಲಿ ಬಿಡಬೇಡಿ.

ಮರಳುಗಾಡಿನ ಮಲ್ಲಿಗೆ · ಆಗಸ್ಟ್ 4, ಬೆಳಿಗ್ಗೆ 11:30

ದುಬೈಯಿಂದ ಬರೆಯುತ್ತಿದ್ದೇನೆ. ಸರ್‌ನೇಮ್ ಖಾಲಿ ಇರುವುದರ ಸಂಕಟ ನನಗೆ ಚೆನ್ನಾಗಿ ಗೊತ್ತು. 2022ರ ನವೆಂಬರ್‌ನಲ್ಲಿ ಇಲ್ಲಿ ಒಂಟಿ ಹೆಸರಿನ ಪಾಸ್‌ಪೋರ್ಟ್ ಇರುವ ಪ್ರವಾಸಿಗಳಿಗೆ ಪ್ರವೇಶವಿಲ್ಲ ಎಂಬ ನಿಯಮ ಬಂದಾಗ ನನ್ನ ಅಮ್ಮನ ಪ್ರಯಾಣವೇ ನಿಂತುಹೋಗುವುದರಲ್ಲಿತ್ತು. ಅಮ್ಮನ ಹೆಸರು ಎರಡಕ್ಷರ, ಅಷ್ಟೇ. ಆಕೆಗೆ ಮನೆತನದ ಹೆಸರು ಎಂಬುದು ಎಂದೂ ಬೇಕಾಗಿರಲಿಲ್ಲ. ಊರು, ಅಪ್ಪ, ತನ್ನ ಹೆಸರು ಎಂದು ಹೇಳಿಕೊಳ್ಳುವ ನಮ್ಮ ಕ್ರಮದಲ್ಲಿ ಯಾವ ಕೊರತೆಯೂ ಇಲ್ಲ. ಎರಡು ಖಾನೆ ಮಾಡಿಟ್ಟ ಅರ್ಜಿ ನಮಗೆ ಹೊಂದುವುದಿಲ್ಲ, ಅಷ್ಟೆ.

ತುಂಗಾತೀರ ಅವರೇ, ನಿಮ್ಮದು ಒಂಟಿ ಹೆಸರಲ್ಲ, ಮೂರು ಪದ ಇವೆ. ತೊಂದರೆ ಬರುವುದು ಟಿಕೆಟ್ ತೆಗೆಯುವಾಗ. ಸರ್‌ನೇಮ್ ತುಂಬದೆ ಜಾಲತಾಣ ಮುಂದೆ ಹೋಗಲು ಬಿಡುವುದಿಲ್ಲ. ಕೆಲವು ವಿಮಾನ ಸಂಸ್ಥೆಗಳು ಕೊನೆಯ ಪದವನ್ನು ಅಲ್ಲಿ ಹಾಕಿ ಎನ್ನುತ್ತವೆ, ಕೆಲವು ಅದೇ ಹೆಸರನ್ನು ಎರಡು ಸಲ ಬರೆಯಿರಿ ಎನ್ನುತ್ತವೆ. ಊಹೆ ಮಾಡಬೇಡಿ. ಆ ಸಂಸ್ಥೆಗೆ ಕರೆ ಮಾಡಿ ಕೇಳಿ, ಉತ್ತರವನ್ನು ಇ–ಮೇಲ್‌ನಲ್ಲಿ ಪಡೆದು ಮುದ್ರಿಸಿ ಇಟ್ಟುಕೊಳ್ಳಿ.

ಸೋನೆಮಳೆ · ಆಗಸ್ಟ್ 4, ಮಧ್ಯಾಹ್ನ 1:05

ಹೆಸರಿನ ವಿಷಯದಲ್ಲಿ ನನ್ನ ಗೆಳೆಯನಿಗೆ ಆದದ್ದನ್ನು ಹೇಳಲೇಬೇಕು. ಅವನ ಪಾಸ್‌ಪೋರ್ಟ್‌ನಲ್ಲಿ ಮಂಜುನಾಥ ಎಂಬುದರ ಇಂಗ್ಲಿಷ್ ಕಾಗುಣಿತದ ಕೊನೆಗೆ ‘ಎ’ ಇದೆ, ಮತದಾರರ ಚೀಟಿಯಲ್ಲಿ ಇಲ್ಲ. ಚಾರಣದ ವಿಮೆಯನ್ನು ಮತದಾರರ ಚೀಟಿಯ ಹೆಸರಿನಲ್ಲಿ ಮಾಡಿಸಿದ್ದ, ಪರವಾನಗಿ ಪಾಸ್‌ಪೋರ್ಟ್ ಹೆಸರಿನಲ್ಲಿ ಬಂತು. ಎತ್ತರದ ಕಾಯಿಲೆಯಿಂದ ಅರ್ಧ ದಾರಿಯಲ್ಲಿ ಇಳಿದು ಕಠ್ಮಂಡುವಿನ ಆಸ್ಪತ್ರೆ ಸೇರಿದ. ಆರೋಗ್ಯ ವಾರದಲ್ಲಿ ಸರಿಹೋಯಿತು. ಇಬ್ಬರೂ ಒಬ್ಬನೇ ಎಂದು ಸಾಬೀತು ಮಾಡಿ ವಿಮೆಯ ಹಣ ಪಡೆಯಲು ಏಳು ತಿಂಗಳು ಬೇಕಾಯಿತು. ನೋಟರಿ, ಅಫಿಡವಿಟ್, ಮತ್ತೆ ನೋಟರಿ. ಒಂದು ಅಕ್ಷರಕ್ಕೆ!

ಟಿಕೆಟ್, ವಿಮೆ, ಪರವಾನಗಿ ಅರ್ಜಿ ಎಲ್ಲದರಲ್ಲೂ ಪಾಸ್‌ಪೋರ್ಟ್‌ನ ಹೆಸರನ್ನು ಅಕ್ಷರ ಬಿಡದೆ ಬರೆಯಿರಿ.

ಗಂಡಕಿದಾರಿ · ಆಗಸ್ಟ್ 4, ಮಧ್ಯಾಹ್ನ 2:40

ಸೋನೆಮಳೆ ಹೇಳಿದ್ದು ನೂರಕ್ಕೆ ನೂರು ಸತ್ಯ. ಇನ್ನೂ ಒಂದು ಸೇರಿಸುತ್ತೇನೆ. ಪರವಾನಗಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಪ್ರವೇಶದ ತಾರೀಖು, ಮುಗಿಯುವ ತಾರೀಖು ಎಲ್ಲವನ್ನೂ ಬೆರಳಿಟ್ಟು ಓದಿ. ಜಗತ್ ಹಳ್ಳಿಯ ಚೆಕ್‌ಪೋಸ್ಟ್‌ನಲ್ಲಿ ತಪ್ಪು ಗೊತ್ತಾದರೆ ಅಲ್ಲಿಂದ ಕಠ್ಮಂಡುವಿಗೆ ಒಂದು ದಿನದ ದಾರಿ.

ಬಾಡದಬೆಟ್ಟ · ಆಗಸ್ಟ್ 4, ಸಂಜೆ 5:00

ಮೂಲ ಪಾಸ್‌ಪೋರ್ಟ್ ಕೊಡಬೇಕಾಗಿಲ್ಲ. ನಾವು ಬೆಂಗಳೂರಿನಿಂದಲೇ ಪ್ರತಿಗಳನ್ನೂ ಭಾವಚಿತ್ರಗಳನ್ನೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೆವು. ತಲುಪುವ ಹೊತ್ತಿಗೆ ಪರವಾನಗಿ ಸಿದ್ಧವಾಗಿತ್ತು.

ಗಂಡಕಿದಾರಿ · ಆಗಸ್ಟ್ 4, ಸಂಜೆ 5:20

ನನಗೆ ಎರಡು ಸಲವೂ ಮೂಲ ಪಾಸ್‌ಪೋರ್ಟ್ ಕೇಳಿದ್ದಾರೆ. ನಿಮಗೆ ಪ್ರತಿಯ ಮೇಲೆ ಆಗಿರಬಹುದು, ಸಂತೋಷ. ಕಠ್ಮಂಡುವಿನಲ್ಲಿ ಪೂರ್ತಿ ಒಂದು ಕೆಲಸದ ದಿನ ಇಟ್ಟುಕೊಳ್ಳದೆ ಹೋಗಿ ಎಂದು ಇನ್ನೊಬ್ಬರಿಗೆ ನಾನಂತೂ ಹೇಳಲಾರೆ.

ಬಾಡದಬೆಟ್ಟ · ಆಗಸ್ಟ್ 4, ಸಂಜೆ 5:31

ಅದನ್ನು ಒಪ್ಪುತ್ತೇನೆ. ಮುಂಚಿತವಾಗಿ ಪ್ರತಿ ಕಳಿಸಿ, ಜೊತೆಗೆ ಒಂದು ದಿನವನ್ನೂ ಇಟ್ಟುಕೊಳ್ಳಿ.

ಒಂಟಿಪಯಣಿಗ · ಆಗಸ್ಟ್ 5, ಬೆಳಿಗ್ಗೆ 9:15

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಒಬ್ಬನೇ ಹೋಗಬೇಕೆಂದಿದ್ದೇನೆ. ಇಬ್ಬರು ಇರಲೇಬೇಕು ಎಂಬ ನಿಯಮಕ್ಕೆ ಒಂದು ಏಜೆನ್ಸಿ ಪರಿಹಾರ ಹೇಳಿತು. ಬೇರೆ ಯಾರದೋ ಪಾಸ್‌ಪೋರ್ಟ್ ಹೆಸರಿನಲ್ಲಿ ಎರಡನೆಯ ಪರವಾನಗಿ ಮಾಡಿಸುತ್ತಾರಂತೆ, ಅದರ ಹಣವನ್ನೂ ನಾನೇ ಕಟ್ಟಬೇಕಂತೆ. ಚೆಕ್‌ಪೋಸ್ಟ್‌ನಲ್ಲಿ ಕೇಳಿದರೆ ಇನ್ನೊಬ್ಬರು ಹಿಂದೆ ಬರುತ್ತಿದ್ದಾರೆ ಎನ್ನಬೇಕಂತೆ. ಯಾರಾದರೂ ಹೀಗೆ ಹೋಗಿದ್ದೀರಾ?

ಬಾಡದಬೆಟ್ಟ · ಆಗಸ್ಟ್ 5, ಬೆಳಿಗ್ಗೆ 9:40

ಬಹಳ ಜನ ಹೋಗುತ್ತಾರೆ. ತೊಂದರೆ ಆದದ್ದನ್ನು ನಾನು ಕೇಳಿಲ್ಲ. ಜೊತೆಗೆ ಮಾರ್ಗದರ್ಶಕ ಇದ್ದೇ ಇರುತ್ತಾನಲ್ಲ.

ಕಾಳಿನದಿ · ಆಗಸ್ಟ್ 5, ಬೆಳಿಗ್ಗೆ 10:25

ನಾನು ಅರುವತ್ತು ದಾಟಿದವನು, ಸ್ವಲ್ಪ ಖಾರವಾಗಿ ಬರೆಯುತ್ತೇನೆ. ಲಾರ್ಕ್ಯಾ 5,106 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹಿಮ ಬಿದ್ದು ಜನ ಕಾಣೆಯಾದರೆ ಪೊಲೀಸರು ಮೊದಲು ತೆಗೆಯುವುದು ಚೆಕ್‌ಪೋಸ್ಟ್‌ನ ಪುಸ್ತಕವನ್ನು. ಅದರಲ್ಲಿ ನಿಮ್ಮ ಹೆಸರಿನ ಕೆಳಗೆ ಇನ್ನೊಂದು ಹೆಸರು ಇರುತ್ತದೆ. ಬೆಟ್ಟದ ಮೇಲೆ ಇಲ್ಲದೇ ಇರುವ ಆ ಮನುಷ್ಯನನ್ನು ಹುಡುಕಲು ಶೆರ್ಪಾ ಹುಡುಗರು ಹಿಮದಲ್ಲಿ ಇಳಿಯುತ್ತಾರೆ. ನಿಮ್ಮ ಅನುಕೂಲಕ್ಕೆ ಅವರ ಜೀವವನ್ನು ಪಣಕ್ಕಿಡುವ ಹಕ್ಕು ನಿಮಗಿಲ್ಲ. ಜೊತೆಗಾರನನ್ನು ಹುಡುಕಿಕೊಳ್ಳಿ. ಸಿಗದಿದ್ದರೆ ಈ ವರ್ಷ ಬೇರೆ ದಾರಿ ನಡೆಯಿರಿ.

ಒಂಟಿಪಯಣಿಗ · ಆಗಸ್ಟ್ 5, ಬೆಳಿಗ್ಗೆ 11:02

ಈ ಕೋನದಿಂದ ಯೋಚಿಸಿರಲಿಲ್ಲ ಸರ್. ಆ ಏಜೆನ್ಸಿಗೆ ಬೇಡ ಎಂದು ಬರೆದೆ.

ಕಾಳಿನದಿ · ಆಗಸ್ಟ್ 5, ಬೆಳಿಗ್ಗೆ 11:50

ಒಳ್ಳೆಯದಾಯಿತು ತಮ್ಮಾ. ನನ್ನ ಮಾತು ಬೇಸರ ತರಿಸಿದ್ದರೆ ಮನ್ನಿಸು.

ಕಾಗದಪತ್ರದ ಮಾತು ಬಂದಾಗ ನನಗೆ 2016 ನೆನಪಾಗುತ್ತದೆ. ಆ ವರ್ಷ ಲಿಪುಲೇಖ್ ದಾರಿಯಲ್ಲಿ ಕೈಲಾಸ ಮಾನಸ ಸರೋವರಕ್ಕೆ ಹೋಗಿದ್ದೆ. ವಿದೇಶಾಂಗ ಸಚಿವಾಲಯದ ಯಾತ್ರೆ. ದೆಹಲಿಯಲ್ಲಿ ವೈದ್ಯಕೀಯ ಪರೀಕ್ಷೆ, ಮತ್ತೆ ಗುಂಜಿಯಲ್ಲಿ ಇನ್ನೊಂದು. ನಷ್ಟಭರ್ತಿಯ ಬಾಂಡ್, ತುರ್ತಿನಲ್ಲಿ ಹೆಲಿಕಾಪ್ಟರ್‌ನಲ್ಲಿ ಸಾಗಿಸಿದರೆ ವೆಚ್ಚ ಭರಿಸುವ ಮುಚ್ಚಳಿಕೆ. ಇವುಗಳ ಜೊತೆಗೆ ಮತ್ತೊಂದು ಹಾಳೆ ಇತ್ತು. ಚೀನಾದ ಭಾಗದಲ್ಲಿ ಮರಣ ಸಂಭವಿಸಿದರೆ ದೇಹವನ್ನು ಅಲ್ಲಿಯೇ ದಹನ ಮಾಡಲು ಒಪ್ಪಿಗೆ. ಮೈಸೂರಿನ ನ್ಯಾಯಾಲಯದ ಎದುರಿನ ನೋಟರಿಯ ಮುಂದೆ ಅದಕ್ಕೆ ಸಹಿ ಹಾಕಿದಾಗ ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. ಏನೂ ಮಾತನಾಡಲಿಲ್ಲ. ಮನೆಗೆ ಬಂದು ಚಹಾ ಮಾಡಿ ಕೊಟ್ಟಳು. ಬೆಟ್ಟಕ್ಕೆ ಹೋಗುವುದು ಎಂದರೇನು ಎಂದು ನನಗೆ ಅರ್ಥವಾದದ್ದು ಆ ಹಾಳೆ ಓದಿದಾಗ. 2020ರಿಂದ ಈ 2024ರವರೆಗೂ ಆ ಯಾತ್ರೆ ನಿಂತೇ ಇದೆ. ಮತ್ತೆ ತೆರೆಯಲಿ ಎಂದು ಕಾಯುತ್ತಿದ್ದೇನೆ.

ಬಿಳಿಹಂಚಿನಮನೆ · ಆಗಸ್ಟ್ 5, ಮಧ್ಯಾಹ್ನ 12:20

ಸರ್, ಕರ್ನಾಟಕ ಸರ್ಕಾರ ಅದಕ್ಕೆ ಸಹಾಯಧನ ಕೊಡುತ್ತಿತ್ತಲ್ಲವೇ?

ಕಾಳಿನದಿ · ಆಗಸ್ಟ್ 5, ಮಧ್ಯಾಹ್ನ 12:34

ಹೌದು, ಮುಜರಾಯಿ ಇಲಾಖೆಯಿಂದ. ಯಾತ್ರೆ ಮುಗಿಸಿದ ಪ್ರಮಾಣಪತ್ರದ ಪ್ರತಿ ಕೊಟ್ಟು ಅರ್ಜಿ ಹಾಕಬೇಕಿತ್ತು. ಮೂಲ ಪ್ರಮಾಣಪತ್ರವನ್ನು ದೇವರ ಮನೆಯಲ್ಲಿ ಇಟ್ಟಿದ್ದೇನೆ.

ಆರೈಕೆ · ಆಗಸ್ಟ್ 5, ರಾತ್ರಿ 8:00

ಧಾರವಾಡದಲ್ಲಿ ಶುಶ್ರೂಷಕಿಯಾಗಿದ್ದೇನೆ. ವಿಮೆಯ ಬಗ್ಗೆ ಇನ್ನೂ ಸರಿಯಾಗಿ ಯಾರೂ ಬರೆದಿಲ್ಲ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಎತ್ತರದ ಮಿತಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೆಲವು 4,000 ಮೀಟರ್‌ಗೆ ನಿಲ್ಲುತ್ತವೆ, ಕೆಲವು ಚಾರಣವನ್ನೇ ಸಾಹಸ ಕ್ರೀಡೆ ಎಂದು ಹೊರಗಿಡುತ್ತವೆ. ನಿಮ್ಮ ಕಣಿವೆ 5,106 ಮೀಟರ್ ಇರುವುದರಿಂದ 6,000ದವರೆಗೆ ಚಾರಣವನ್ನೂ ಹೆಲಿಕಾಪ್ಟರ್ ರಕ್ಷಣೆಯನ್ನೂ ಹೆಸರಿಟ್ಟು ಒಪ್ಪಿಕೊಂಡ ಪಾಲಿಸಿ ಬೇಕು. ಹಣ ಕೊಡುವವರು ಯಾರು ಎಂದು ಖಾತ್ರಿಯಾಗದೆ ಹೆಲಿಕಾಪ್ಟರ್ ಹಾರುವುದಿಲ್ಲ. ಪಾಲಿಸಿ ಸಂಖ್ಯೆ ಮತ್ತು ತುರ್ತು ದೂರವಾಣಿ ಸಂಖ್ಯೆಯನ್ನು ನಾಲ್ವರೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಒಬ್ಬರ ಚೀಲದಲ್ಲಿ ಮಾತ್ರ ಇಡಬೇಡಿ, ಕಾಯಿಲೆ ಬೀಳುವುದು ಅವರೇ ಆಗಿರಬಹುದು.

ನೀವು ದಿನವೂ ಮಾತ್ರೆ ತೆಗೆದುಕೊಳ್ಳುವವರಾದರೆ ವೈದ್ಯರ ಚೀಟಿಯೂ ಕಾಗದಪತ್ರವೇ. ಔಷಧದ ಮೂಲ ಹೆಸರಿನೊಂದಿಗೆ ಬರೆಸಿಕೊಳ್ಳಿ.

ಸೋನೆಮಳೆ · ಆಗಸ್ಟ್ 5, ರಾತ್ರಿ 8:22

ಹೆಲಿಕಾಪ್ಟರ್ ಎಂದಾಗ ಎಚ್ಚರವೂ ಇರಲಿ. ಅಗತ್ಯವಿಲ್ಲದ ರಕ್ಷಣೆ ತೋರಿಸಿ ವಿಮೆ ಹಣ ಹೊಡೆಯುವ ಜಾಲ 2018ರಲ್ಲಿ ನೇಪಾಳ ಸರ್ಕಾರದ ತನಿಖೆಯಲ್ಲೇ ಹೊರಬಿತ್ತು. ಸ್ವಲ್ಪ ತಲೆನೋವು ಎಂದ ಕೂಡಲೇ ಹೆಲಿಕಾಪ್ಟರ್ ಕರೆಯೋಣ ಎಂದು ಅವಸರಿಸುವವರಿದ್ದರೆ ಮೊದಲು ಒಂದು ದಿನ ವಿಶ್ರಾಂತಿ, ಅದಕ್ಕೂ ಬಗ್ಗದಿದ್ದರೆ ಕೆಳಗೆ ಇಳಿಯುವುದು.

ಆರೈಕೆ · ಆಗಸ್ಟ್ 5, ರಾತ್ರಿ 8:41

ಸಾಮಾನ್ಯ ತಲೆನೋವಿಗೆ ಸರಿ. ನಡಿಗೆ ತೂರಾಡುತ್ತಿದ್ದರೆ, ಮಾತು ತಡವರಿಸುತ್ತಿದ್ದರೆ, ಕುಳಿತಲ್ಲೇ ಉಸಿರು ಕಟ್ಟುತ್ತಿದ್ದರೆ ಕಾಯಬಾರದು. ಆ ಕ್ಷಣವೇ ಇಳಿಸಬೇಕು. ಜಾಲದ ಹೆದರಿಕೆಯಿಂದ ಜೀವ ಕಳೆದುಕೊಳ್ಳುವುದು ಬೇಡ.

ಹಾಜರಿಪುಸ್ತಕ · ಆಗಸ್ಟ್ 6, ಬೆಳಿಗ್ಗೆ 7:00

ತುಂಗಾತೀರ ಅವರೇ, ನೀವು ಇನ್ನೊಂದು ಚರ್ಚೆಯಲ್ಲಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ ಎಂದು ಬರೆದದ್ದು ನೆನಪಿದೆ. ವಿದೇಶ ಪ್ರವಾಸಕ್ಕೆ ಇಲಾಖೆಯ ಪೂರ್ವಾನುಮತಿ ತೆಗೆದುಕೊಂಡಿದ್ದೀರಾ? ಪಾಸ್‌ಪೋರ್ಟ್ ಇದೆ ಎಂದಾಕ್ಷಣ ಅನುಮತಿ ಇದೆ ಎಂದಾಗುವುದಿಲ್ಲ. ವೀಸಾ ಬೇಡದ ನೇಪಾಳವೂ ವಿದೇಶವೇ.

ತುಂಗಾತೀರ · ಆಗಸ್ಟ್ 6, ಬೆಳಿಗ್ಗೆ 7:20

ಇಲ್ಲ! ರಜೆಯಲ್ಲಿ ಹೋಗುವುದಲ್ಲವೇ ಎಂದು ಸುಮ್ಮನಿದ್ದೆ.

ಹಾಜರಿಪುಸ್ತಕ · ಆಗಸ್ಟ್ 6, ಬೆಳಿಗ್ಗೆ 7:48

ರಜೆಯಾದರೂ ಬೇಕು. ಎಲ್ಲಿಗೆ, ಯಾವಾಗಿಂದ ಯಾವಾಗಿನವರೆಗೆ, ಖರ್ಚು ಯಾರದು ಎಂದು ಬರೆದು ಮುಖ್ಯೋಪಾಧ್ಯಾಯರ ಮೂಲಕ ಇವತ್ತೇ ಅರ್ಜಿ ಕೊಡಿ. ಕಡತ ಮೇಜಿನಿಂದ ಮೇಜಿಗೆ ಹೋಗಲು ಸಮಯ ಹಿಡಿಯುತ್ತದೆ. ಸ್ವೀಕೃತಿಯ ಮುದ್ರೆ ಹಾಕಿಸಿದ ಪ್ರತಿ ನಿಮ್ಮ ಬಳಿ ಇರಲಿ.

ಕಲ್ಲುಮಂಟಪ · ಆಗಸ್ಟ್ 7, ಸಂಜೆ 6:15

ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಣ್ಣ ಸಾಧನ ಒಂದನ್ನು ಅಮೆರಿಕದಲ್ಲಿರುವ ಅಣ್ಣ ಕೊಟ್ಟಿದ್ದಾನೆ. ಮನಾಸ್ಲುವಿಗೆ ಹೋಗುವವರಿಗೆ ಎರವಲು ಕೊಡಲೇ?

ಟಪಾಲುಚೀಲ · ಆಗಸ್ಟ್ 7, ಸಂಜೆ 6:24

ದಯವಿಟ್ಟು ಬೇಡ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅಂಥ ಸಾಧನವನ್ನು ಭಾರತದಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿದರೆ ಅವರ ಚಾರಣ ಅಲ್ಲಿಗೇ ಮುಗಿಯುತ್ತದೆ. ಡ್ರೋನ್ ಕೂಡ ಮನೆಯಲ್ಲೇ ಇರಲಿ, ನೇಪಾಳದಲ್ಲಿ ಅದಕ್ಕೆ ಬೇರೆಯೇ ಅನುಮತಿಗಳ ಸರಣಿ ಇದೆ.

ಬಿಳಿಹಂಚಿನಮನೆ · ಆಗಸ್ಟ್ 7, ರಾತ್ರಿ 9:10

ಹಣದ ಬಗ್ಗೆ ಎರಡು ಮಾತು. ₹100ಕ್ಕಿಂತ ದೊಡ್ಡ ನಮ್ಮ ನೋಟುಗಳನ್ನು ನೇಪಾಳ 2018ರ ಡಿಸೆಂಬರ್‌ನಲ್ಲಿ ನಿಷೇಧಿಸಿತು, ಈ 2024ರಲ್ಲೂ ಅದು ಜಾರಿಯಲ್ಲಿದೆ. ₹500ರ ಕಟ್ಟು ಕಟ್ಟಿಕೊಂಡು ಹೋಗಬೇಡಿ. ಈ ವರ್ಷದ ಮಾರ್ಚ್‌ನಿಂದ ಅಲ್ಲಿನ ಅಂಗಡಿಗಳ ಫೋನ್‌ಪೇ ಹೆಸರಿನ ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತಿದೆ. ನಾವು ಬಳಸುವ ಫೋನ್‌ಪೇಗೂ ಅದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಒಂದೇ. ಕಠ್ಮಂಡು ದಾಟಿದ ಮೇಲೆ ನೇಪಾಳಿ ನಗದೇ ಗತಿ.

ಗಂಡಕಿದಾರಿ · ಆಗಸ್ಟ್ 8, ಬೆಳಿಗ್ಗೆ 6:50

ತುಂಗಾತೀರ ಮೇಡಂ, ದಿನಗಳ ಲೆಕ್ಕ ಹಾಕಿಕೊಟ್ಟಿದ್ದೇನೆ. 5ಕ್ಕೆ ಮಚ್ಛಾಖೋಲಾ, 6ಕ್ಕೆ ಜಗತ್. ನಿರ್ಬಂಧಿತ ಪ್ರದೇಶ ಅಲ್ಲಿಂದ ಮುಂದೆ, ಆದ್ದರಿಂದ ಪರವಾನಗಿ 7ರಿಂದ. ದೇಂಗ್, ನಮ್ರುಂಗ್, ಸಾಮಾಗಾಂವ್, ಅಲ್ಲಿ ಒಂದು ದಿನ ವಿಶ್ರಾಂತಿ, ಸಾಮ್ದೋ, ಧರ್ಮಶಾಲಾ, 13ಕ್ಕೆ ಲಾರ್ಕ್ಯಾ ದಾಟಿ ಭಿಮ್ತಂಗ್, 14ಕ್ಕೆ ಧಾರಾಪಾನಿ. ಎಂಟು ದಿನವಾಯಿತು, 115 ಡಾಲರ್. ನನ್ನ ಮಾತು ಕೇಳಿ ಒಂಬತ್ತು ದಿನಕ್ಕೆ ಮಾಡಿಸಿ, 130 ಆಗುತ್ತದೆ. ಕಣಿವೆಯ ಬುಡದಲ್ಲಿ ನಿಂತಾಗ ಪರವಾನಗಿ ಇವತ್ತೇ ಮುಗಿಯುತ್ತದೆ ಎಂಬ ಚಿಂತೆಯಿಂದ ಯಾರೂ ಮೇಲೆ ಹತ್ತಬಾರದು. ತಿಮ್ಸ್ ಕಾರ್ಡ್ (ಚಾರಣಿಗರ ನೋಂದಣಿ ಚೀಟಿ) ಎಂದು ಯಾರಾದರೂ ಹಣ ಕೇಳಿದರೆ, ನಿರ್ಬಂಧಿತ ಪ್ರದೇಶದ ಪರವಾನಗಿ ಇರುವಾಗ ಅದು ಬೇಡ ಎನ್ನಿ.

ತುಂಗಾತೀರ · ಸೆಪ್ಟೆಂಬರ್ 14, ಸಂಜೆ 7:30

ಇಲ್ಲಿಯವರೆಗಿನ ಸ್ಥಿತಿ: ತಮ್ಮನ ಪಾಸ್‌ಪೋರ್ಟ್ ಬಂತು. ಮಗನದು ಅದಕ್ಕೂ ಮೊದಲೇ ಬಂತು, ಸರ್‌ನೇಮ್ ಜಾಗದಲ್ಲಿ ಅಜ್ಜನ ಹೆಸರು ಹಾಕಿಸಿದೆವು. ಅಜ್ಜ ಅದನ್ನು ಕೈಯಲ್ಲಿ ಹಿಡಿದು ಎರಡು ಸಲ ಓದಿಸಿಕೊಂಡರು. ಇಲಾಖೆಯ ಅನುಮತಿ ನಿನ್ನೆ ಕೈಸೇರಿತು. ಟಿಕೆಟ್‌ನಲ್ಲಿ ನನ್ನ ಹೆಸರನ್ನು ವಿಮಾನ ಸಂಸ್ಥೆಯವರು ಹೇಳಿದಂತೆಯೇ ಬರೆದು ಅವರ ಇ–ಮೇಲ್ ಮುದ್ರಿಸಿ ಇಟ್ಟುಕೊಂಡಿದ್ದೇನೆ.

ತುಂಗಾತೀರ · ಅಕ್ಟೋಬರ್ 22, ಬೆಳಿಗ್ಗೆ 10:05

ಹೋಗಿ ಬಂದೆವು. ಎಲ್ಲರಿಗೂ ಹೃದಯ ತುಂಬಿ ಧನ್ಯವಾದ.

ಸೆಪ್ಟೆಂಬರ್ ಕೊನೆಯಲ್ಲಿ ನೇಪಾಳದಲ್ಲಿ ಸುರಿದ ಮಳೆಯ ಸುದ್ದಿ ನೀವೂ ಓದಿರುತ್ತೀರಿ. ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ಹೋಗಬೇಕೇ ಬೇಡವೇ ಎಂದು ಎರಡು ರಾತ್ರಿ ನಿದ್ದೆ ಇಲ್ಲ. ದಾರಿ ತೆರೆದಿದೆ ಎಂದು ಏಜೆನ್ಸಿಯವರು ಖಚಿತಪಡಿಸಿದ ಮೇಲೆ ಹೊರಟೆವು. ಮಚ್ಛಾಖೋಲಾ ತಲುಪುವಾಗ ರಾತ್ರಿ ಹತ್ತಾಗಿತ್ತು.

4ರ ಬೆಳಿಗ್ಗೆ ಮೂಲ ಪಾಸ್‌ಪೋರ್ಟ್‌ಗಳನ್ನೇ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಪರವಾನಗಿ ಬಂತು. ಗಂಡಕಿದಾರಿ ಅವರು ಹೇಳಿದಂತೆ ಬೆರಳಿಟ್ಟು ಓದಿದೆ. ಮಗನ ಪಾಸ್‌ಪೋರ್ಟ್ ಸಂಖ್ಯೆಯಲ್ಲಿ 3 ಇರಬೇಕಾದಲ್ಲಿ 8 ಇತ್ತು. ಏಜೆನ್ಸಿಯ ಹುಡುಗ ಮೋಟಾರ್ ಸೈಕಲ್‌ನಲ್ಲಿ ಓಡಿ, ಕಚೇರಿ ಮುಚ್ಚುವ ಮೊದಲು ತಿದ್ದಿಸಿಕೊಂಡು ಬಂದ. ಜಗತ್‌ನಲ್ಲಿ ಕುಳಿತಿದ್ದವರು ಪ್ರತಿಯೊಂದು ಅಂಕಿಯನ್ನೂ ಪಾಸ್‌ಪೋರ್ಟ್‌ನೊಂದಿಗೆ ತಾಳೆ ನೋಡಿ ಪುಸ್ತಕಕ್ಕೆ ಬರೆದುಕೊಂಡರು. ನಾನು ಮಗನ ಭುಜ ಹಿಡಿದು ನಿಂತಿದ್ದೆ.

ಸಾಮಾಗಾಂವ್‌ನಲ್ಲಿ ಅವನಿಗೆ ತಲೆನೋವು ಬಂತು. ನಡಿಗೆ, ಮಾತು ಸರಿಯಾಗಿದ್ದವು. ಇನ್ನೊಂದು ದಿನ ಅಲ್ಲೇ ಉಳಿದೆವು, ಮರುದಿನ ತಾನೇ ಎದ್ದು ದಾಲ್ ಭಾತ್ ಎರಡು ಸಲ ಹಾಕಿಸಿಕೊಂಡ. 14ರ ಬೆಳಿಗ್ಗೆ ಒಂಬತ್ತೂವರೆಗೆ ನಾಲ್ವರೂ ಲಾರ್ಕ್ಯಾ ಮೇಲೆ ನಿಂತಿದ್ದೆವು. 15ಕ್ಕೆ ಧಾರಾಪಾನಿಯಲ್ಲಿ ಕಾಗದ ತೋರಿಸಿದಾಗ ಅದು ಪರವಾನಗಿಯ ಕೊನೆಯ ದಿನ.

ಕಾಳಿನದಿ · ಅಕ್ಟೋಬರ್ 22, ಬೆಳಿಗ್ಗೆ 10:40

ಓದಿ ಕಣ್ಣು ತುಂಬಿತು ತಾಯಿ. ಮಗನಿಗೆ ನನ್ನ ಆಶೀರ್ವಾದ.

ಒಂಟಿಪಯಣಿಗ · ಅಕ್ಟೋಬರ್ 22, ಮಧ್ಯಾಹ್ನ 3:15

ಅಭಿನಂದನೆಗಳು ಮೇಡಂ. ನನಗೂ ಜೊತೆಗಾರರು ಸಿಕ್ಕಿದರು, ಬಳ್ಳಾರಿಯವರು. ಏಪ್ರಿಲ್‌ನಲ್ಲಿ ಹೋಗುತ್ತೇವೆ. ಅವರ ಪಾಸ್‌ಪೋರ್ಟ್ 2025ರ ಜುಲೈಗೆ ಮುಗಿಯುತ್ತದೆ. ಸಾಕಾಗುತ್ತದೆಯೇ?

ಟಪಾಲುಚೀಲ · ಅಕ್ಟೋಬರ್ 22, ಮಧ್ಯಾಹ್ನ 3:22

ಆರು ತಿಂಗಳಾದರೂ ಬಾಕಿ ಇರಲಿ. ನಾಳೆಯೇ ನವೀಕರಣಕ್ಕೆ ಅರ್ಜಿ ಹಾಕಲಿ. ಹೊಸ ಸಂಖ್ಯೆ ಬಂದ ಮೇಲೆಯೇ ಟಿಕೆಟ್ ತೆಗೆಯಿರಿ.